ಕರಾವಳಿಯ ಬೆವರು, ಮಳೆ ಮತ್ತು ಸೊಂಟದಲ್ಲೊಂದು .32 ಪಿಸ್ತೂಲು: ದೀರ್ಘ ಬಳಕೆಯ ವಿಮರ್ಶೆ

ಉಡುಪಿಯಲ್ಲಿ ನಮ್ಮದು ಚಿನ್ನದ ಕೆಲಸ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದ ಮೇಲೆ ಒಡವೆಯ ಓಡಾಟ ಹೆಚ್ಚಾಯಿತು. ಮಾಡಿದ ಬಳೆ, ಸರ ಎಲ್ಲವೂ ಮುದ್ರೆಗೆ ಹೋಗಿ ಬರಬೇಕು, ಮಂಗಳೂರಿನ ಅಂಗಡಿಗಳಿಗೆ ಮುಟ್ಟಿಸುವ ಮಾಲೂ ಇರುತ್ತದೆ. ಅದಕ್ಕೆಂದೇ ಆತ್ಮರಕ್ಷಣೆಯ ಪರವಾನಗಿ ಮಾಡಿಸಿ, ನಮ್ಮ ದೇಶದಲ್ಲೇ ತಯಾರಾದ ಒಂದು .32 ಪಿಸ್ತೂಲು ಕೊಂಡೆ. ಈಗ ಹಲವು ಮಳೆಗಾಲ ಕಳೆದಿವೆ. ಒಮ್ಮೆಯೂ ಯಾರ ಮುಂದೆಯೂ ಅದನ್ನು ಹೊರಗೆ ತೆಗೆದಿಲ್ಲ, ತೆಗೆಯುವ ಪ್ರಸಂಗ ಬಾರದಿರಲಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕರಾವಳಿಯಲ್ಲಿ ಮೈಮೇಲೆ ಇಟ್ಟುಕೊಳ್ಳಲು ಸಣ್ಣ ಬಂದೂಕು ಆರಿಸುವವರು ಮೊದಲು ಅದರ ದಪ್ಪ ನೋಡಬೇಕು, ಎರಡನೆಯದಾಗಿ ದಿನಾ ತುಕ್ಕು ಒರೆಸುವ ತಾಳ್ಮೆ ತಮಗಿದೆಯೇ ಎಂದು ಕೇಳಿಕೊಳ್ಳಬೇಕು. ತೂಕ, ಶಕ್ತಿ, ಎಷ್ಟು ದೂರ ಹೊಡೆಯುತ್ತದೆ ಎಂಬುದೆಲ್ಲ ಆಮೇಲೆ.

ಆಯ್ಕೆ ಹೆಚ್ಚೇನೂ ಇಲ್ಲ. 9 ಎಂ.ಎಂ. ನಿಷೇಧಿತ ಬೋರು, ಅಂದರೆ ನಾಗರಿಕರಿಗೆ ನಿಷೇಧಿಸಿದ ನಳಿಗೆ ಅಳತೆ, ಸಾಮಾನ್ಯ ಪರವಾನಗಿಯಲ್ಲಿ ಸಿಗುವುದಿಲ್ಲ. ಯಾರಾದರೂ ಕೊಡಿಸುತ್ತೇನೆ ಎಂದರೆ ಅವರ ಸಹವಾಸವೇ ಬೇಡ. ಆತ್ಮರಕ್ಷಣೆಗೆಂದು ವಿದೇಶಿ ಪಿಸ್ತೂಲು ಆಮದು ಮಾಡಿಕೊಳ್ಳುವ ದಾರಿ 1980ರ ದಶಕದಲ್ಲೇ ಮುಚ್ಚಿತು. ಹಾಗಾಗಿ ಹಳೆಯ ಜರ್ಮನ್, ಬೆಲ್ಜಿಯನ್ ಪಿಸ್ತೂಲುಗಳು ಕೈಯಿಂದ ಕೈಗೆ ಹೋಗುವಾಗ ಅವುಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಉಳಿಯುವುದು ಮುಖ್ಯವಾಗಿ .32 ಪಿಸ್ತೂಲು, ಇಲ್ಲವೇ .32 ರಿವಾಲ್ವರ್. ರಿವಾಲ್ವರಿನಲ್ಲಿ 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ಇದೆ, ತೂಕ ಸುಮಾರು 500 ಗ್ರಾಂ, ಬಿಡುಗಡೆಯಾದಾಗ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರಲ್ಲಿ ಬಂದ ಪ್ರಬಲ್ ಸುಮಾರು 700 ಗ್ರಾಂ. ಅದರ ಸಿಲಿಂಡರ್, ಅಂದರೆ ತೋಟೆ ಕೂರುವ ತಿರುಗುವ ಉರುಳೆ, ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ತುಂಬುವುದು, ಖಾಲಿ ಮಾಡುವುದು ಸಲೀಸು.

ರಿವಾಲ್ವರಿನ ಪರವಾಗಿ ಒಂದು ಗಟ್ಟಿ ಮಾತಿದೆ. ಒಂದು ತೋಟೆ ಸಿಡಿಯದಿದ್ದರೆ ಮತ್ತೆ ಟ್ರಿಗರ್ ಒತ್ತಿದರೆ ಸಾಕು, ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎಳೆದು ಆ ತೋಟೆಯನ್ನು ಹೊರಹಾಕಬೇಕು. ಅಭ್ಯಾಸಕ್ಕೆ ಸಮಯ ಕೊಡಲಾಗದವರು ರಿವಾಲ್ವರನ್ನೇ ತೆಗೆದುಕೊಳ್ಳಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ಪಿಸ್ತೂಲು ಆರಿಸಿದ್ದು ಬಟ್ಟೆಯ ಕಾರಣಕ್ಕೆ. ನಮ್ಮ ಸೆಕೆಗೆ ಕೋಟು, ಜಾಕೆಟ್ಟು ಹಾಕಿಕೊಳ್ಳಲಾಗುತ್ತದೆಯೇ? ಒಂದು ತೆಳು ಹತ್ತಿ ಅಂಗಿ, ಅದೂ ಹನ್ನೊಂದು ಗಂಟೆಯೊಳಗೆ ಬೆವರಿಗೆ ಬೆನ್ನಿಗಂಟಿರುತ್ತದೆ. ಅಂಥ ಅಂಗಿಯಡಿ ರಿವಾಲ್ವರಿನ ಸಿಲಿಂಡರ್ ಉಬ್ಬಿ ಕಾಣುತ್ತದೆ. ಚಪ್ಪಟೆ ಪಿಸ್ತೂಲು ಸೊಂಟಕ್ಕೆ ಒತ್ತಿಕೊಂಡು ಕೂರುತ್ತದೆ. ಮಂಗಳೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಸ್ಕೂಟರಿನಲ್ಲಿ ಬಗ್ಗಿ ಕೂತಾಗ ಮಾತ್ರ ಹಿಡಿಯ ತುದಿ ಅಂಗಿಯನ್ನು ಎತ್ತುತ್ತದೆ, ಅದಕ್ಕೆ ಒಂದು ಸೈಜು ದೊಡ್ಡ ಅಂಗಿಯೇ ಪರಿಹಾರ.

ತರಬೇತಿ ಕೊಟ್ಟ ನಿವೃತ್ತ ಪೊಲೀಸ್ ಆರ್ಮರರ್ (ಬಂದೂಕು ನೋಡಿಕೊಳ್ಳುವವರು) ಒಬ್ಬರು ಕೊಳ್ಳುವ ಮುಂಚೆಯೇ ಹೇಳಿದ್ದರು: "ಆಚಾರ್ರೆ, ಗನ್ನಿನ ತೂಕ ಆಮೇಲೆ ನೋಡುವ, ಮೊದಲು ನಿಮ್ಮ ಬೆಲ್ಟ್ ತೋರಿಸಿ ಮಾರಾಯ್ರೆ." ಅವರ ಮಾತು ಅಕ್ಷರಶಃ ಸರಿ. ಮೆತ್ತಗಿನ ಬೆಲ್ಟಿಗೆ ಎಂಥ ಹಗುರದ ಪಿಸ್ತೂಲು ಸಿಕ್ಕಿಸಿದರೂ ಮಧ್ಯಾಹ್ನದೊಳಗೆ ಜೋತುಬೀಳುತ್ತದೆ. ದಪ್ಪ, ಬಿಗಿ ಬೆಲ್ಟು ಹಾಕಿದ ಮೇಲೆ ತೂಕದ ಗೊಡವೆಯೇ ಇಲ್ಲ. ಮದುವೆ, ಉಪನಯನ ಎಂದು ಪಂಚೆ ಉಟ್ಟ ದಿನ ಪಿಸ್ತೂಲು ಮನೆಯ ಲಾಕರಿನಲ್ಲೇ ಇರುತ್ತದೆ.

ಇನ್ನು ತುಕ್ಕು. ಕರಾವಳಿಯವರು ಬರೆದ ವಿಮರ್ಶೆ ಬೇಕೆಂದು ನಾನು ಆಗ ಹುಡುಕಿದ್ದೇ ಇದಕ್ಕಾಗಿ. ಬಯಲುಸೀಮೆಯವರು ತಿಂಗಳಿಗೊಮ್ಮೆ ಎಣ್ಣೆ ಹಾಕಿದರೆ ಸಾಕೆನ್ನುತ್ತಾರೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗಾಳಿಯಲ್ಲಿ ಉಪ್ಪು, ಮೈಯಲ್ಲಿ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಉಕ್ಕಿನ ಮೇಲೆ ಕಾಣುವ ಆ ಕಪ್ಪು ನೀಲಿ ಹೊಳಪು ಬಣ್ಣವಲ್ಲ, ಉಕ್ಕಿನ ಮೈಯಲ್ಲೇ ರಾಸಾಯನಿಕವಾಗಿ ಹುಟ್ಟಿಸಿದ ತೀರಾ ತೆಳು ಪದರ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ, ಎಣ್ಣೆ ಆರಿದರೆ ಅದು ತುಕ್ಕನ್ನು ತಡೆಯದು. ನಾನು ಒಡವೆ ನೋಡುವ ಭೂತಗನ್ನಡಿಯನ್ನೇ ಕಣ್ಣಿಗಿಟ್ಟು ನೋಡುತ್ತೇನೆ. ಮೊದಲು ತುಕ್ಕು ಏಳುವುದು ನಳಿಗೆಯಲ್ಲಲ್ಲ. ಹೊಟ್ಟೆಗೆ ತಾಗುವ ಸ್ಲೈಡಿನ ಹಿಂಭಾಗದ ಗೀರುಗಳಲ್ಲಿ, ಹಿಡಿಯ ಸ್ಕ್ರೂ ತಲೆಯ ಸೀಳಿನಲ್ಲಿ, ಹಿಡಿಯ ಪಟ್ಟಿಗಳ ಒಳಬದಿಯಲ್ಲಿ. ಈ ಒಳಬದಿ ಮಹಾ ಮೋಸದ ಜಾಗ. ಹೊರಗೆ ಪಿಸ್ತೂಲು ಫಳಫಳ ಹೊಳೆಯುತ್ತಿರುತ್ತದೆ, ಪಟ್ಟಿ ಬಿಚ್ಚಿದರೆ ಒಳಗೆ ಬೆವರು ಇಳಿದು ಕೇಸರಿ ಪುಡಿ ಕೂತಿರುತ್ತದೆ. ಮಳೆಗಾಲದಲ್ಲಿ ಆಗಾಗ ಆ ಪಟ್ಟಿ ಬಿಚ್ಚಲೇಬೇಕು.

ಮನೆಗೆ ಬಂದ ಕೂಡಲೇ ನನ್ನ ಕ್ರಮ ಹೀಗೆ. ನಳಿಗೆ ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಮೊದಲು ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಚೇಂಬರಿನಲ್ಲಿ, ಅಂದರೆ ಸಿಡಿಯುವ ತೋಟೆ ಕೂರುವ ಗೂಡಿನಲ್ಲಿ, ಏನೂ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ. ಈ ಅನುಕ್ರಮ ತಪ್ಪಲೇಬಾರದು. ಮ್ಯಾಗಜೀನ್ ತೆಗೆಯದೆ ಸ್ಲೈಡ್ ಎಳೆದುಬಿಟ್ಟರೆ ಇನ್ನೊಂದು ತೋಟೆ ಒಳಗೆ ಹೋಗಿ ಕೂರುತ್ತದೆ. ಬಳಿಕ ಒಣಬಟ್ಟೆ, ಅದರ ಹಿಂದೆ ಎಣ್ಣೆ ಬಟ್ಟೆ. ಬಂದೂಕಿಗೆಂದೇ ಸಿಗುವ ಎಣ್ಣೆ ಉತ್ತಮ. ಅದಿಲ್ಲದಾಗ ಹೊಲಿಗೆ ಯಂತ್ರದ ಎಣ್ಣೆಯೂ ನಡೆಯುತ್ತದೆ, ಆದರೆ ಬೇಗ ಆರುತ್ತದೆ. ನಮ್ಮೂರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ರೂಢಿ ಇದೆಯಲ್ಲ, ದಯವಿಟ್ಟು ಇದಕ್ಕೆ ಬೇಡ. ಅದು ದಿನ ಹೋದಂತೆ ಕಮಟಿ ಅಂಟಾಗುತ್ತದೆ, ಸ್ಪ್ರಿಂಗು ಎಳೆಯುವಾಗ ಆ ಜಿಗುಟು ಕೈಗೇ ಗೊತ್ತಾಗುತ್ತದೆ. ತೋಟೆಗಳಿಗಂತೂ ಯಾವ ಎಣ್ಣೆಯೂ ಸೋಕಬಾರದು. ತೋಟೆಯ ಬುಡದ, ಕಿಡಿ ಹೊತ್ತಿಸುವ ಕ್ಯಾಪಿನೊಳಗೆ ಇಳಿದರೆ ಅದು ಸಿಡಿಯದೇ ಹೋಗಬಹುದು.

ನಮ್ಮ ಕಸುಬಿನವರಿಗೆ ಇನ್ನೊಂದು ಮಾತು. ಚಿನ್ನ ಶುದ್ಧ ಮಾಡುವ ನೈಟ್ರಿಕ್ ಆಸಿಡ್ಡಿನ ಹೊಗೆ ಇರುವ ಕೋಣೆಯಲ್ಲಿ ಪಿಸ್ತೂಲು ಇಡಲೇಬೇಡಿ. ಸಮುದ್ರದ ಗಾಳಿ ವಾರಗಟ್ಟಲೆ ಮಾಡುವ ಹಾನಿಯನ್ನು ಆ ಹೊಗೆ ಬಲುಬೇಗ ಮಾಡುತ್ತದೆ. ನನ್ನ ಲಾಕರು ಕೆಲಸದ ಕೋಣೆಯಿಂದ ದೂರ ಇದೆ, ಒಳಗೆ ಸಿಲಿಕಾ ಜೆಲ್ ಚೀಲಗಳಿವೆ, ಅವನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತೇನೆ. ಕೀಲಿ ನನ್ನ ಬಳಿ ಮಾತ್ರ. ಮನೆಯಲ್ಲಿ ಮಕ್ಕಳಿದ್ದಾರೆ, ಈ ವಿಷಯದಲ್ಲಿ ಸಡಿಲ ಬಿಡುವ ಮಾತೇ ಇಲ್ಲ.

ಹೋಲ್ಸ್ಟರ್, ಅಂದರೆ ಪಿಸ್ತೂಲು ಸಿಕ್ಕಿಸುವ ಒರೆಯ ಬಗ್ಗೆ: ಚರ್ಮದ್ದು ನೋಡಲು ಚಂದ, ಸೊಂಟಕ್ಕೂ ಹಿತ. ಆದರೆ ಅದು ಬೆವರನ್ನು ಕುಡಿದು ಉಕ್ಕಿಗೆ ಉಣಿಸುತ್ತದೆ. ಆಷಾಢದಲ್ಲಿ ಎರಡು ದಿನ ಮೂಲೆಯಲ್ಲಿಟ್ಟರೆ ಬಿಳಿ ಬೂಸ್ಟು. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟೆಗಳ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಅಂಥವನ್ನು ಬಳಸಬಾರದು. ಆನ್‌ಲೈನಿನಲ್ಲಿ ತರಿಸಿದ ಒಂದು ನೈಲಾನ್ ಹೋಲ್ಸ್ಟರ್ ಸಡಿಲವಾಗಿತ್ತು, ಟ್ರಿಗರಿನ ಭಾಗದಲ್ಲಿ ಬಟ್ಟೆ ಒಳಕ್ಕೆ ಮಡಚುತ್ತಿತ್ತು. ಇದು ಸಣ್ಣ ದೋಷವಲ್ಲ, ಜೀವಕ್ಕೇ ಅಪಾಯ. ಅದನ್ನು ಅದೇ ವಾರ ಎಸೆದು, ಪಿಸ್ತೂಲಿನ ಅಳತೆಗೆ ಕೈಡೆಕ್ಸ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದ ಗಟ್ಟಿ ಹೋಲ್ಸ್ಟರ್ ಹಾಕಿಕೊಂಡೆ. ಟ್ರಿಗರ್ ಪೂರ್ತಿ ಮುಚ್ಚುತ್ತದೆ, ನೀರು ಹಿಡಿಯುವುದಿಲ್ಲ, ನಲ್ಲಿಯಡಿ ತೊಳೆದರಾಯಿತು. ಹಳೆಯ ವಿನ್ಯಾಸದ ಸಣ್ಣ ಪಿಸ್ತೂಲುಗಳಲ್ಲಿ ಕೆಳಗೆ ಬಿದ್ದಾಗ ಸಿಡಿಯದಂತೆ ತಡೆಯುವ ಒಳಭಾಗ ಎಲ್ಲದರಲ್ಲೂ ಇರುವುದಿಲ್ಲ. ಆದ್ದರಿಂದ ನಾನು ಚೇಂಬರ್ ಖಾಲಿ ಇಟ್ಟೇ ಓಡಾಡುತ್ತೇನೆ.

ತೋಟೆ ಕೊಳ್ಳುವಾಗ ಬರೇ '.32' ಎನ್ನಬೇಡಿ. ಪಿಸ್ತೂಲಿನದು 7.65 ಎಂ.ಎಂ., ಅಂದರೆ .32 ಎಸಿಪಿ. ರಿವಾಲ್ವರಿನದು .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್. ಒಂದು ಇನ್ನೊಂದಕ್ಕೆ ಆಗುವುದಿಲ್ಲ. ಎಸಿಪಿ ತೋಟೆಯ ಬುಡದಲ್ಲಿ ಚಿಕ್ಕದೊಂದು ಅಂಚು ಹೊರಚಾಚಿರುತ್ತದೆ. ಮ್ಯಾಗಜೀನಿಗೆ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಹಿಂದೆ ಸಿಕ್ಕಿಹಾಕಿಕೊಂಡರೆ ಪಿಸ್ತೂಲು ಅಲ್ಲೇ ನಿಂತುಬಿಡುತ್ತದೆ. ಪ್ರತಿ ತೋಟೆಯ ಅಂಚೂ ಕೆಳಗಿನದರ ಮುಂದೆ ಕೂತಿದೆಯೇ ನೋಡಿ ತುಂಬಿ. ಕೈಗೆ ಒಗ್ಗಿದ ಮೇಲೆ ಇದು ಕಷ್ಟವೇ ಅಲ್ಲ.

ಹೊಡೆಯುವಾಗ ಕೈಗೆ ಬೀಳುವ ಪೆಟ್ಟು ಕಡಿಮೆ, ಆದರೆ ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗವಿಲ್ಲ. ಗುರಿಗಣ್ಣು ಅಕ್ಕಿಕಾಳಿನಷ್ಟು. ನಲವತ್ತು ದಾಟಿದವರು ಕೊಳ್ಳುವ ಮುಂಚೆ ಮಂದ ಬೆಳಕಿನಲ್ಲಿ ಅದು ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಲಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಖಂಡಿತ ಹೋಗಿ. ಅಲ್ಲಿ ಕಲಿತ ಶಿಸ್ತು, ಅಂದರೆ ಬೆರಳು ಎಲ್ಲಿರಬೇಕು, ನಳಿಗೆ ಎತ್ತ ಇರಬೇಕು ಎಂಬುದು, ಎಷ್ಟು ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗುವುದಿಲ್ಲ.

ಪರವಾನಗಿಗೆ ಉಡುಪಿಯಲ್ಲಿ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿ. ಮಂಗಳೂರು ನಗರದವರಿಗೆ ಪೊಲೀಸ್ ಕಮಿಷನರ್. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅವಧಿ ಮೂರರಿಂದ ಐದು ವರ್ಷಕ್ಕೇರಿದೆ, ಒಬ್ಬರಿಗೆ ಎರಡೇ ಬಂದೂಕು. ತೋಟದ ಕೋವಿ ಎರಡಿದ್ದ ಮನೆಯವರು ಇದನ್ನು ಮೊದಲೇ ಲೆಕ್ಕ ಹಾಕಲಿ. ಉಡುಪಿಯಿಂದ ಮಂಗಳೂರಿಗೆ ಹೋದರೆ ಜಿಲ್ಲೆ ಬದಲಾಗುತ್ತದೆ, ಪರವಾನಗಿಯಲ್ಲಿ ಬರೆದ ವ್ಯಾಪ್ತಿ ಓದಿಕೊಳ್ಳಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್ಸ್ಟರಿನಲ್ಲಿ, ಪೂರ್ತಿ ಮುಚ್ಚಿಕೊಂಡು ಇರಬೇಕು. ಜಾತ್ರೆ, ಧಾರ್ಮಿಕ ಮೆರವಣಿಗೆ, ಶಾಲಾ ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ. ರಥಬೀದಿಯಲ್ಲಿ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವದ ಜನಜಂಗುಳಿ ಇರುವ ದಿನ ನಾನು ಮಾಲನ್ನೇ ಹೊರಗೆ ತೆಗೆಯುವುದಿಲ್ಲ. "ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಹೋಗಿ ಬರುತ್ತೇನೆ" ಎನ್ನುವವರಿದ್ದಾರೆ. ಕಳ್ಳನ ಕೈಗೆ ಬಂದೂಕು ಕೊಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಚುನಾವಣೆ ಘೋಷಣೆಯಾದಾಗ ಬಂದೂಕು ಠೇವಣಿ ಇಡಲು ಸೂಚನೆ ಬರುತ್ತದೆ. 2023ರ ವಿಧಾನಸಭೆ, 2024ರ ಲೋಕಸಭೆ, ಎರಡು ಬೇಸಿಗೆ ಬೆನ್ನುಬೆನ್ನಿಗೆ ಇದೇ ಆಯಿತು. ನಿಜವಾದ ಅಗತ್ಯವಿರುವವರು ವಿನಾಯಿತಿಗೆ ಅರ್ಜಿ ಹಾಕಬಹುದು, ಪರಿಶೀಲನಾ ಸಮಿತಿ ಇರುತ್ತದೆ. ಸಿಗದಿದ್ದರೆ, ಠೇವಣಿಗೆ ಒಯ್ಯುವ ಹಿಂದಿನ ರಾತ್ರಿ ಹಿಡಿಯ ಪಟ್ಟಿ ಬಿಚ್ಚಿ ಒಳಗೂ ಹೊರಗೂ ಗ್ರೀಸು ದಪ್ಪಗೆ ಹಚ್ಚಿ, ಹೋಲ್ಸ್ಟರ್ ಮನೆಯಲ್ಲೇ ಬಿಟ್ಟು, ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ಬಂದೂಕಿನ ನಂಬರು, ಮ್ಯಾಗಜೀನ್ ಎಷ್ಟು, ತೋಟೆ ಎಷ್ಟು ಎಂದು ಬರೆಸಿಕೊಂಡು, ಅಲ್ಲೇ ನಿಂತು ಒಮ್ಮೆ ಓದಿ, ಆಮೇಲೆ ಹೊರಡಿ.