ಹೊಸ ಚಿಕ್ಕ ಕಾರು ಬಿಟ್ಟು ಹಳೆ ಕೊರೊಲ್ಲಾ ತೆಗೆದುಕೊಂಡ ಮೇಲೆ: ಕೆಲವು ವರ್ಷಗಳ ಅನುಭವ

ಅದೇ ದುಡ್ಡು ಕೈಗೆ ಕೊಟ್ಟು ಇನ್ನೊಮ್ಮೆ ಆರಿಸು ಅಂದರೂ ನಾನು ಹಳೆ ಕಾರನ್ನೇ ತೆಗೆದುಕೊಳ್ಳುತ್ತೇನೆ. ಆದರೆ ನಮ್ಮ ಅಕ್ಕನಿಗೆ ಹಾಗೆ ಮಾಡು ಅಂತ ಯಾವತ್ತೂ ಹೇಳುವುದಿಲ್ಲ. ಅವಳು ಹೊಸದು ತಂದಳು, ನಾನು ಹಳೆಯದು ತಂದೆ, ಇಬ್ಬರೂ ಖುಷಿಯಾಗಿದ್ದೇವೆ. ಅದು ಹೇಗೆ ಅಂತ ಹೇಳುವುದೇ ಈ ವಿಮರ್ಶೆ.

ನನ್ನದು ಟೊಯೋಟಾ ಕೊರೊಲ್ಲಾ, 11ನೇ ತಲೆಮಾರಿನದು, 1.8 ಲೀಟರ್ ಪೆಟ್ರೋಲ್, ಮ್ಯಾನುವಲ್ ಗೇರ್. 2014ರ ಕಾರು. ನನ್ನ ಕೈಗೆ ಬಂದಾಗ ಆರು ವರ್ಷ ದಾಟಿತ್ತು, ಅಲ್ಲಿವರೆಗೆ ಒಬ್ಬರ ಹತ್ತಿರವೇ ಇತ್ತು. ಅದೇ ಸಮಯದಲ್ಲಿ ಅಕ್ಕ ಹೆಚ್ಚುಕಮ್ಮಿ ಅಷ್ಟೇ ದುಡ್ಡಿಗೆ ಷೋರೂಮಿನಿಂದ ಹೊಸ ಹ್ಯಾಚ್‌ಬ್ಯಾಕ್ ತಂದಳು. ಅದು ಒಂದು ಲೀಟರಿನ, ಮೂರು ಸಿಲಿಂಡರಿನ ಬೇಸ್ ಮಾಡೆಲ್. ಅದರ ಹೆಸರು ಇಲ್ಲಿ ಬೇಡ, ಆ ದರ್ಜೆಯ ಕಾರುಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಏನೂ ಇರುವುದಿಲ್ಲ. ಎರಡನ್ನೂ ನಾನು ಓಡಿಸುತ್ತಿರುತ್ತೇನೆ, ಹಾಗಾಗಿ ಹೋಲಿಸುವುದು ಸುಲಭ.

ಹೆದ್ದಾರಿಗೆ ಬಂದರೆ ಎರಡು ಮಾತಿಲ್ಲ. ಕೊರೊಲ್ಲಾದ ವೀಲ್‌ಬೇಸ್ 2700 ಮಿ.ಮೀ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಷ್ಟು ಅಂತರ ಇದ್ದರೆ ಉಬ್ಬು ತಗ್ಗಿನಲ್ಲಿ ಕಾರು ಕುಣಿಯುವುದಿಲ್ಲ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದರೂ ಸ್ಟೇರಿಂಗ್ ಅಲ್ಲಾಡುವುದಿಲ್ಲ. ನಾಲ್ಕು ಜನ ಕೂತು, ಡಿಕ್ಕಿ ತುಂಬಾ ಲಗೇಜು ಹಾಕಿ ಏರು ಹತ್ತುವಾಗಲೂ ಗೇರ್ ಇಳಿಸುವ ಅಗತ್ಯ ಕಡಿಮೆ. ಅಕ್ಕನ ಕಾರಿನಲ್ಲಿ ಅದೇ ಏರಿಗೆ ಎಸಿ ಆಫ್ ಮಾಡುವ ಮನಸ್ಸಾಗುತ್ತದೆ. ದೂರದ ಪ್ರಯಾಣ ಮುಗಿಸಿ ಇಳಿದಾಗ ಆಗುವ ಸುಸ್ತಿನಲ್ಲೇ ಎರಡೂ ಕಾರುಗಳ ವ್ಯತ್ಯಾಸ ಗೊತ್ತಾಗುತ್ತದೆ. ಬ್ರೋಷರಿನಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ.

ಊರೊಳಗೆ ಬಂದರೆ ಆಟ ಉಲ್ಟಾ. ಅವಳ ಕಾರು ಸಣ್ಣ ಸಂದಿಯಲ್ಲೂ ತಿರುಗುತ್ತದೆ, ಕ್ಲಚ್ ಹಗುರ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ. ಫೋನ್ ಪರದೆಗೆ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದೆ. ನನ್ನದರಲ್ಲಿ ಕ್ಯಾಮೆರಾ ಇಲ್ಲ, ಉದ್ದ ಜಾಸ್ತಿ. ಪಾರ್ಕಿಂಗ್ ಮಾಡುವಾಗ ಕತ್ತು ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. ದಿನವೂ ಹತ್ತಿರದ ಓಡಾಟ ಮಾತ್ರ ಇದ್ದಿದ್ದರೆ ನಾನೂ ಅವಳದ್ದನ್ನೇ ಆರಿಸುತ್ತಿದ್ದೆನೇನೋ.

ಇನ್ನು ದುಡ್ಡಿನ ವಿಷಯ. ಹೊಸ ಕಾರಿನ ಬೆಲೆ ಮೊದಲ ವರ್ಷದಲ್ಲೇ ಸುಮಾರು ಐದರಲ್ಲಿ ಒಂದು ಭಾಗ ಕರಗುತ್ತದೆ, ಐದು ವರ್ಷಕ್ಕೆ ಅರ್ಧದ ಹತ್ತಿರ ಬರುತ್ತದೆ ಅನ್ನುವುದು ಸಾಮಾನ್ಯ ಅಂದಾಜು. ಮಾಡೆಲ್ ಮೇಲೆ ಇದು ಹೆಚ್ಚುಕಮ್ಮಿ ಆಗುತ್ತದೆ. ಹಳೆ ಕಾರು ಕೊಳ್ಳುವವರಿಗೆ ಆ ದೊಡ್ಡ ಇಳಿತ ಬೇರೆಯವರ ಜೇಬಿನಿಂದ ಆಗಲೇ ಹೋಗಿರುತ್ತದೆ. ಸಾಲ ಮಾಡಿ ಕೊಳ್ಳುವುದಾದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಹಳೆ ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಬೆಲೆಯಲ್ಲಿ ಉಳಿದದ್ದು ಕಂತಿನಲ್ಲಿ ಹೋಗಿಬಿಡಬಹುದು. ನಾನು ಬಹುಪಾಲು ಕೈಯಿಂದಲೇ ಕೊಟ್ಟೆ, ಹಾಗಾಗಿ ನನಗೆ ಹೊಂದಿತು.

ಹಳೆ ಕಾರಿಗೆ ನಾನು ಹಾಕಿಕೊಂಡ ನಿಯಮ ಒಂದೇ. ಬಜೆಟ್ಟಿನ ಅಷ್ಟೂ ದುಡ್ಡನ್ನು ಕಾರಿನ ಬೆಲೆಗೆ ಸುರಿಯಬಾರದು. ಹತ್ತರಲ್ಲಿ ಒಂದು ಭಾಗವಾದರೂ ಗ್ಯಾರೇಜಿಗೆ ಅಂತ ಎತ್ತಿಡಬೇಕು. ಮೊದಲ ವರ್ಷದಲ್ಲಿ ನನಗೆ ಅದು ಹೆಚ್ಚುಕಮ್ಮಿ ಪೂರ್ತಿ ಬೇಕಾಯಿತು. ನಾಲ್ಕು ಟೈರು, ಬ್ಯಾಟರಿ, ಮುಂದಿನ ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್ನಿನ ರಬ್ಬರ್ ಬುಷ್, ಬ್ರೇಕ್ ಪ್ಯಾಡ್, ಜೊತೆಗೆ ಎಲ್ಲ ಆಯಿಲ್ ಮತ್ತು ಕೂಲೆಂಟ್ ಬದಲಾವಣೆ. ಇವೆಲ್ಲ ವಯಸ್ಸಾದ ಯಾವ ಕಾರಿಗಾದರೂ ಬರುವ ಸವೆತ. ರಬ್ಬರ್ ಓಡಿಸಿದರೂ ಸವೆಯುತ್ತದೆ, ಸುಮ್ನೆ ನಿಲ್ಲಿಸಿದರೂ ಗಟ್ಟಿಯಾಗುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಹೆಚ್ಚಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಮೆತ್ತಗಾಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು. ಹಿಂದಿನವರು ಅದನ್ನು ಮುಟ್ಟಿದ ದಾಖಲೆ ಇರಲಿಲ್ಲ, ಹಾಗಾಗಿ ಮೊದಲ ಕೆಲಸವೇ ಅದು.

ಅದಾದ ಮೇಲೆ ಕಾರು ಸುಮ್ಮನಾಯಿತು. ಇದಕ್ಕೆ ಎಂಜಿನ್ನಿನ ಸರಳತೆಯೂ ಕಾರಣ. 1798 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ, ಇಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು ಅನ್ನುವ ದೊಡ್ಡ ಖರ್ಚು ಇಲ್ಲ. ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಹಾಕಬೇಕು, ಚೈನಿನ ಆಯಸ್ಸು ಅದರ ಮೇಲೆ. ಪೆಟ್ರೋಲನ್ನು ಇನ್‌ಟೇಕ್ ಪೋರ್ಟಿನಲ್ಲಿ, ಅಂದರೆ ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಸಿಂಪಡಿಸುವ ಹಳೆ ಪದ್ಧತಿ, ಹಾಗಾಗಿ ವಾಲ್ವ್ ತಾನೇ ತೊಳೆದುಕೊಳ್ಳುತ್ತದೆ. ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ನುಗಳಲ್ಲಿ ಈ ತೊಳೆತ ಇಲ್ಲ, ವಾಲ್ವ್ ಮೇಲೆ ಇಂಗಾಲ ಕಟ್ಟಿಕೊಳ್ಳುವುದು ಅದಕ್ಕೇ. ಬೇಗ ಓಡುವ, ಕಡಿಮೆ ಕುಡಿಯುವ ಎಂಜಿನ್ ಬೇಕಾದವರಿಗೆ ಇದು ಬೋರು ಅನ್ನಿಸುತ್ತದೆ. ಹಳೆ ಕಾರು ಹುಡುಕುವಾಗ ನನಗೆ ಬೇಕಾಗಿದ್ದು ಆ ಬೋರೇ.

ಆದರೆ ‘ನಂಬಿಕಸ್ಥ ಮಾಡೆಲ್’ ಅನ್ನುವ ಹೆಸರನ್ನಷ್ಟೇ ನೋಡಿ ಯಾರೂ ಕೊಳ್ಳಬೇಡಿ. ನಾವು ಕೊಳ್ಳುವುದು ಮಾಡೆಲನ್ನಲ್ಲ, ಯಾರೋ ಒಬ್ಬರು ಹೇಗೋ ಓಡಿಸಿದ ಒಂದು ಕಾರನ್ನು. ನಾನು ನೋಡಿ ಬಿಟ್ಟ ಕಾರುಗಳಲ್ಲಿ ಒಂದು ಇದಕ್ಕಿಂತ ಹೊಸದು, ಇದಕ್ಕಿಂತ ಹೊಳೆಯುತ್ತಿತ್ತು. ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿತ್ತು. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬರುವ ಸದ್ದು, ಹೊಗೆ ಕಾಣಬಾರದು ಅಂತ ಮೊದಲೇ ಓಡಿಸಿ ಇಟ್ಟಿರುವ ಸಾಧ್ಯತೆ ಇರುತ್ತದೆ. ಕಾರಿನ ಕಂಪ್ಯೂಟರಿನಿಂದ ದೋಷ ಓದಲು ಸ್ಟೇರಿಂಗ್ ಕೆಳಗೆ ಇರುವ ಒಬಿಡಿ ಪೋರ್ಟಿಗೆ ನನ್ನ ಹತ್ತಿರ ಇದ್ದ ಸಣ್ಣ ಬ್ಲೂಟೂತ್ ರೀಡರ್ ಸಿಕ್ಕಿಸಿದೆ. ಒಂದು ದೋಷವೂ ಇಲ್ಲ ಅಂತ ತೋರಿಸಿತು. ಮಾರುವವರು ‘ನೋಡಿ, ಕ್ಲೀನ್’ ಅಂದರು. ಆದರೆ ಅದೇ ಆ್ಯಪಿನಲ್ಲಿ ರೆಡಿನೆಸ್ ಮಾನಿಟರ್ ಅಂತ ಒಂದು ಪಟ್ಟಿ ಇರುತ್ತದೆ. ಕಾರು ಕೆಲವು ದಿನ ಮಾಮೂಲಾಗಿ ಓಡಿದ್ದರೆ, ಅದು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳೆಲ್ಲ ಅದರಲ್ಲಿ ಪೂರ್ತಿಯಾಗಿರಬೇಕು. ಇದರಲ್ಲಿ ಬಹಳಷ್ಟು ಅಪೂರ್ಣ. ಅಂದರೆ ಇತ್ತೀಚೆಗೆ ಯಾರೋ ದೋಷದ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಯಾವುದು ಅಂತ ಕೇಳಿದೆ, ಸರಿಯಾದ ಉತ್ತರ ಬರಲಿಲ್ಲ. ಧನ್ಯವಾದ ಹೇಳಿ ಬಂದೆ. ಆ ರೀಡರಿನ ಬೆಲೆ ಒಂದು ಸಲದ ಆಯಿಲ್ ಬದಲಾವಣೆಗಿಂತ ಕಡಿಮೆ.

ಬೇರೆ ಬಹುಪಾಲು ಪರೀಕ್ಷೆಗಳಿಗೆ ಅದೂ ಬೇಡ, ಕಣ್ಣು ಸಾಕು. ಟೈರಿನ ಬದಿಯಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ವಲ್ಪವೇ ಓಡಿದೆ ಅನ್ನುವ ಕಾರಿನಲ್ಲಿ ಟೈರು ಆಗಲೇ ಒಮ್ಮೆ ಬದಲಾಗಿದ್ದರೆ ಓಡೋಮೀಟರನ್ನು ಸ್ವಲ್ಪ ಅನುಮಾನದಿಂದ ನೋಡಿ. ಪೆಡಲ್ ರಬ್ಬರ್ ನುಣುಪಾಗಿ ಸವೆದಿದೆಯಾ, ಸ್ಟೇರಿಂಗ್ ಹೊಳೆಯುತ್ತಿದೆಯಾ, ಡ್ರೈವರ್ ಸೀಟಿನ ಅಂಚು ಕುಸಿದಿದೆಯಾ, ಇವು ಸುಳ್ಳು ಹೇಳುವುದು ಕಡಿಮೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಯಾವತ್ತೂ ಹೊರಗೆ ಬರದ ಆ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೀರಿನಲ್ಲಿ ಮುಳುಗಿದ್ದಿರಬಹುದು. ಪೇಂಟಿಗೆ ಮಾತ್ರ ದಪ್ಪ ಅಳೆಯುವ ಮೀಟರ್ ಬೇಕು. ಕಾರ್ಖಾನೆಯ ಪೇಂಟಿನ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಆಸುಪಾಸಿನಲ್ಲಿ ಇರುತ್ತದೆ. ಒಂದೇ ಬಾಗಿಲಿನಲ್ಲಿ ಅದು ಹಲವು ಪಟ್ಟು ಜಾಸ್ತಿ ಬಂದರೆ ಒಳಗೆ ನೆಗ್ಗು ಮುಚ್ಚಿದ ಪುಟ್ಟಿ ಇದೆ ಅಂತ ಅರ್ಥ. ಪುಟ್ಟಿ ಇದ್ದಮಾತ್ರಕ್ಕೆ ಕಾರು ಕೆಟ್ಟದ್ದಲ್ಲ, ಮಾರುವವರು ಅದನ್ನು ಮೊದಲೇ ಹೇಳಿದರಾ ಅನ್ನುವುದು ಮುಖ್ಯ. ಇಷ್ಟೆಲ್ಲ ನೋಡಿದ ಮೇಲೂ, ಮಾರುವವರಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಹತ್ತಿಸಿ ತೋರಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಅಲ್ಲಿಗೇ ಮಾತು ಮುಗಿಯಿತು.

ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಯುವುದು, ಬಾಕಿ ಇದೆಯಾ ಅಂತಲೂ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ಗಲಾಟೆ ನೆನಪಿದೆ ಅಲ್ವಾ? ಅದರಲ್ಲಿದ್ದ ಅಮೋನಿಯಂ ನೈಟ್ರೇಟ್ ಶಾಖಕ್ಕೂ ತೇವಕ್ಕೂ ಸಿಕ್ಕಿ ವರ್ಷಗಳಲ್ಲಿ ಹಾಳಾಗಿ, ಏರ್‌ಬ್ಯಾಗ್ ಬಿಚ್ಚುವಾಗ ಲೋಹದ ಚೂರು ಸಿಡಿಯುತ್ತಿತ್ತು. ಹಲವು ಕಂಪನಿಗಳ ಕಾರುಗಳಿಂದ ಜಗತ್ತಿನಾದ್ಯಂತ ಕೋಟಿಗಟ್ಟಲೆ ಬಿಡಿಭಾಗ ವಾಪಸ್ ಕರೆಯಬೇಕಾಯಿತು, 2017ರಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು. ಮಾಲೀಕರು ಬದಲಾದಾಗ ಇಂಥ ಪತ್ರಗಳು ಹಳೆ ವಿಳಾಸಕ್ಕೇ ಹೋಗಿ ಬೀಳುತ್ತವೆ. ವಿಐಎನ್, ಅಂದರೆ ಕಾರಿನ 17 ಅಕ್ಷರಗಳ ಗುರುತಿನ ಸಂಖ್ಯೆ ಹಿಡಿದು ನಾವೇ ವಿಚಾರಿಸಬೇಕು.

ಸುರಕ್ಷತೆಯಲ್ಲಿ ಹೊಸದು ಮೇಲಾ, ಹಳೆಯದಾ? ಇದು ಸುಲಭದ ಪ್ರಶ್ನೆಯಲ್ಲ. ಡಿಕ್ಕಿ ಪರೀಕ್ಷೆಯ ಸ್ಟಾರ್ ಎಣಿಸುವವರು ಪರೀಕ್ಷೆ ನಡೆದ ವರ್ಷವನ್ನೂ ನೋಡಬೇಕು. ಫಿಯೆಟ್ ಪುಂಟೊಗೆ 2005ರಲ್ಲಿ ಯುರೋಪಿನ ಕಾರು ಸುರಕ್ಷತಾ ಪರೀಕ್ಷೆಯ ಸಂಸ್ಥೆ ಯುರೋ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟಿತ್ತು. 2017ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಅದೇ ಪುಂಟೊಗೆ ಸೊನ್ನೆ. ಅಷ್ಟರಲ್ಲಿ ಪರೀಕ್ಷೆಯೇ ಕಠಿಣವಾಗಿತ್ತು. ಹಾಗಾಗಿ ಹಳೆ ಕಾರಿನ ಐದು ಸ್ಟಾರೂ ಹೊಸ ಕಾರಿನ ಐದು ಸ್ಟಾರೂ ಒಂದೇ ಅಲ್ಲ. ಇನ್ನೊಂದು ಕಡೆ, ಭಾರದ ಕಾರು ಹಗುರ ಕಾರಿಗೆ ಗುದ್ದಿದರೆ ಪೆಟ್ಟು ಜಾಸ್ತಿ ಬೀಳುವುದು ಹಗುರದ್ದಕ್ಕೇ. ಮುಂಭಾಗದ ಡಿಕ್ಕಿಯ ಅಂಕಗಳನ್ನು ಒಂದೇ ಗಾತ್ರದ ಕಾರುಗಳ ನಡುವೆ ಮಾತ್ರ ಹೋಲಿಸಬೇಕು ಅನ್ನುವುದು ಇದಕ್ಕೇ. ನಾನು ಬಿಟ್ಟುಕೊಡದ ಷರತ್ತು ಇಎಸ್‌ಸಿ, ಅಂದರೆ ಜಾರುವ ಕಾರನ್ನು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ. ಯುರೋಪ್ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಬೇರೆ ಕಡೆ ಅದೇ ಮಾಡೆಲಿನ ಕೆಳಗಿನ ವೇರಿಯಂಟಿನಲ್ಲಿ ಇಲ್ಲದೆಯೂ ಇರಬಹುದು. ನನ್ನದರಲ್ಲಿದೆ. ಕಾರಿನ ಕೀ ತಿರುಗಿಸಿದಾಗ ಅದರ ದೀಪ ಹತ್ತಿ ಆರುತ್ತದಾ ಅಂತ ನೋಡಿದರೆ ಗೊತ್ತಾಗುತ್ತದೆ.

ಹಳೆ ಕಾರಿನ ನಿಜವಾದ ತೊಂದರೆ ದುಡ್ಡಲ್ಲ, ಸಮಯ. ಹೊಸ ಸದ್ದು ಕೇಳಿದರೆ ನಾನು ಬಗ್ಗಿ ನೋಡುತ್ತೇನೆ, ವೀಡಿಯೊ ಹುಡುಕುತ್ತೇನೆ, ಗ್ಯಾರೇಜಿನಲ್ಲಿ ಅರ್ಧ ದಿನ ಕೂರುತ್ತೇನೆ. ಒಮ್ಮೆ ಬಿಡಿಭಾಗ ಬರುವುದು ತಡವಾಗಿ ಕಾರು ದಿನಗಟ್ಟಲೆ ಅಲ್ಲೇ ನಿಂತಿತ್ತು. ನನಗೆ ಇದೆಲ್ಲ ಒಂಥರಾ ಇಷ್ಟ. ಅಕ್ಕನಿಗೆ ಇದು ಶಿಕ್ಷೆ. ಅವಳ ಕಾರಿನ ಕಿಟಕಿ ಮೋಟರ್ ಕೆಟ್ಟಾಗ ಒಂದು ಫೋನ್ ಮಾಡಿದಳು, ವಾರಂಟಿಯಲ್ಲಿ ಪುಕ್ಕಟೆ ಬದಲಿಸಿಕೊಟ್ಟರು. ಬೆಳಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ಕೆಲಸಕ್ಕೇ ಕುತ್ತು ಅನ್ನುವವರು, ಬೇರೆ ವಾಹನ ಇಲ್ಲದವರು, ನಂಬುವ ಮೆಕ್ಯಾನಿಕ್ ಇಲ್ಲದವರು ಹೊಸದಕ್ಕೇ ಹೋಗಲಿ. ದೂರ ಓಡಾಡುವವರು, ತುರ್ತಿಗೆ ಅಂತ ಸ್ವಲ್ಪ ದುಡ್ಡು ಇಟ್ಟುಕೊಂಡವರು, ತಿಂಗಳುಗಟ್ಟಲೆ ಹುಡುಕುವ ತಾಳ್ಮೆ ಇರುವವರು ದೊಡ್ಡ ಹಳೆ ಕಾರು ನೋಡಲಿ. ಸರ್ವಿಸ್ ಬಿಲ್ಲುಗಳ ಕಂತೆ ಇಲ್ಲದ ಹಳೆ ಕಾರು ಎಷ್ಟು ಅಗ್ಗವಾದರೂ ಇಬ್ಬರಿಗೂ ಬೇಡ.

ಈಗ ಅಕ್ಕನ ವಾರಂಟಿ ಮುಗಿಯುತ್ತಾ ಬಂದಿದೆ, ವಿಸ್ತರಿಸಲಾ ಅಂತ ಕೇಳುತ್ತಿದ್ದಾಳೆ. ಷರತ್ತಿನ ಹಾಳೆ ತರಿಸಿ ಓದಿದೆ. ಕ್ಲಚ್, ಬ್ರೇಕ್, ಬ್ಯಾಟರಿ, ಬುಷ್ ಯಾವುದೂ ಅದರಲ್ಲಿ ಸೇರಿಲ್ಲ. ನನ್ನ ಕಾರು ಮೊದಲ ವರ್ಷ ನುಂಗಿದ್ದು ಬಹುಪಾಲು ಇವುಗಳನ್ನೇ. ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ಮಾತ್ರ ಸೇರಿವೆ. ಎಲ್ಲ ಸರ್ವಿಸ್ ಕಂಪನಿಯಲ್ಲೇ ಮಾಡಿಸಿರಬೇಕು ಅಂತಲೂ ಇದೆ. ಇನ್ನೂ ಮೂರು ವರ್ಷ ಇಟ್ಟುಕೊಳ್ಳುವುದಾದರೆ ಮಾಡಿಸು, ಮುಂದಿನ ವರ್ಷ ಮಾರುವ ಯೋಚನೆ ಇದ್ದರೆ ಬಿಡು ಅಂದಿದ್ದೇನೆ. ಮಾರುವುದಾದರೆ ಆ ಬಿಲ್ಲುಗಳನ್ನೆಲ್ಲ ಫೈಲಿನಲ್ಲಿ ಜೋಡಿಸಿಡು ಅಂತಲೂ ಹೇಳಿದ್ದೇನೆ.