ಹೊಳೆಯುತ್ತದೆ ನಿಜ, ಆದರೆ ಎಲ್ಲಿ? ಫ್ಲುವೋ-4 ಎಎಂ ಜೊತೆ ಎರಡು ವರ್ಷ

ಕ್ಯಾಂಡಿಡಾ ಅಲ್ಬಿಕನ್ಸ್ ಶಿಲೀಂಧ್ರ ದುಂಡಗಿನ ಯೀಸ್ಟ್ ರೂಪ ಬಿಟ್ಟು ಉದ್ದನೆಯ ಎಳೆಯಾಗುವಾಗ ಒಳಗಿನ ಕ್ಯಾಲ್ಸಿಯಂ ಹೇಗೆ ಏರಿಳಿಯುತ್ತದೆ ಎಂದು ನೋಡಲು ಫ್ಲುವೋ-4 ಎಎಂ ತರಿಸಿದ್ದೆ; ಕೋಶದೊಳಗೆ ಹೋಗಿ ಕ್ಯಾಲ್ಸಿಯಂ ಸಿಕ್ಕಲ್ಲಿ ಹಸಿರಾಗಿ ಹೊಳೆಯುವ ಬಣ್ಣ ಇದು. ತರಂಗಾಂತರದ ಅಂಕಿಗಳೆಲ್ಲ ಜೊತೆಗೆ ಬರುವ ಹಾಳೆಯಲ್ಲೇ ಇವೆ, ಬಿಡಿ.

ಮೊದಲ ಕೆಲವು ತಿಂಗಳು ಇದರ ಮೇಲೆ ಪ್ರೀತಿಯೇ ಹುಟ್ಟಿತ್ತು. ಬೆಳಿಗ್ಗೆ ಲ್ಯಾಬಿನ ದೀಪ ಆರಿಸುವುದು. ಫಾಯಿಲ್ ಸುತ್ತಿದ ಪುಟ್ಟ ಟ್ಯೂಬನ್ನು ಫ್ರೀಜರಿನಿಂದ ತೆಗೆದು ಅಂಗೈಯಲ್ಲಿ ಹಿಡಿಯುವುದು. ಬಣ್ಣ ಬೆರೆತ ದ್ರಾವಕ ಡಿಎಂಎಸ್‌ಓ, ಗಟ್ಟಿಯಾಗಿದ್ದದ್ದು ಕರಗಿ ಮೆಲ್ಲಗೆ ಜಾರುತ್ತದಲ್ಲ, ಆ ಕ್ಷಣ! ಆಮೇಲೆ ಕೋಶಗಳಿಗೆ ಬೆರೆಸಿ ಕತ್ತಲಲ್ಲಿ ಅರ್ಧ ಗಂಟೆ ಸುಮ್ನೆ ಕೂರುವುದು. ಆ ಹೊತ್ತು ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ.

ತೊಳೆದು, ಸೀರಮ್ ಹಾಕಿ 37 ಡಿಗ್ರಿಗೆ ಏರಿಸಿದರೆ ಒಂದೆರಡು ಗಂಟೆಯಲ್ಲಿ ಮೊಳಕೆ. ಹಿಂಬದಿ ಹಸಿರಾಗಿ ಹೊಳೆಯುತ್ತಿತ್ತು, ತುದಿ ಮಾತ್ರ ಕಪ್ಪು. ಬೆಳೆಯುವುದು ತುದಿ, ಕ್ಯಾಲ್ಸಿಯಂ ಹಿಂದೆ! ಹೊಸದೇನೋ ಕಂಡೆ ಎಂದು ಹಿಗ್ಗಿ ಮೀಟಿಂಗಿನಲ್ಲಿ ತೋರಿಸಿಯೂ ಬಿಟ್ಟೆ.

ಅನುಮಾನ ಬಂದದ್ದು ಇಜಿಟಿಎ ಹಾಕಿದ ದಿನ. ಅದು ಹೊರಗಿನ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಒಳಗೆ ಬರುವುದು ನಿಂತರೆ ಹೊಳಪು ಕುಗ್ಗಬೇಕಿತ್ತು. ಹೊಳಪು ಒಂಚೂರೂ ಅಲುಗಲಿಲ್ಲ. ಎಫ್‌ಎಂ4-64 ಎಂಬ ಇನ್ನೊಂದು ಬಣ್ಣ ಹಾಕಿ, ಕೋಶದ ಉಗ್ರಾಣದ ಚೀಲವಾದ ವ್ಯಾಕ್ಯೂಲಿನ ಅಂಚನ್ನು ಕೆಂಪಾಗಿಸಿದೆ. ಹಸಿರೆಲ್ಲ ಆ ಕೆಂಪು ಬೇಲಿಯೊಳಗೇ ಇತ್ತು! ಕೋಶ ನನ್ನ ಬಣ್ಣವನ್ನು ಉಗ್ರಾಣಕ್ಕೆ ತಳ್ಳಿ ಚಿಲಕ ಹಾಕಿತ್ತು. ಈ ಎಳೆಗಳಲ್ಲಿ ಸೈಟೋಪ್ಲಾಸಂ, ಅಂದರೆ ಕೋಶದೊಳಗಿನ ಲೋಳೆ, ತುದಿಯ ಜೊತೆ ಮುಂದೆ ಸಾಗುತ್ತದೆ, ಹಿಂದಿನ ಕೋಣೆಗಳಲ್ಲಿ ಉಳಿಯುವುದು ಬಹುಪಾಲು ವ್ಯಾಕ್ಯೂಲು. ನನಗೆ ಬೇಕಿದ್ದದ್ದು ಸೈಟೋಪ್ಲಾಸಂನಲ್ಲಿ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನ್‌ಗೆ, ಅದರ ಮೂಲಕ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವಕ್ಕೆ ಸುದ್ದಿ ಮುಟ್ಟಿಸುವ ಕ್ಯಾಲ್ಸಿಯಂ. ಮೀಟಿಂಗಿನ ಆ ಸ್ಲೈಡ್ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತಣ್ಣಗಿಟ್ಟು ಕೋಶಗಳಿಗೆ ಬಣ್ಣ ತುಂಬಿದರೆ (ಲೋಡ್ ಮಾಡಿದರೆ) ಈ ಕಾಟ ಕಡಿಮೆ. ಆದರೆ ಎಳೆ ಹುಟ್ಟಲು ಬಿಸಿ ಬೇಕಲ್ವಾ? ಬಿಸಿ ಮಾಡಿದೆ, ಬಣ್ಣ ಮತ್ತೆ ಉಗ್ರಾಣಕ್ಕೆ. ಜಾಸ್ತಿ ಹಾಕೋಣವೆಂದರೆ ಬಣ್ಣವೇ ಕ್ಯಾಲ್ಸಿಯಂ ಹಿಡಿದಿಟ್ಟು ಸಂಕೇತವನ್ನು ಮಂಕು ಮಾಡುತ್ತದೆ.

ದುಡ್ಡು, ಸಮಯ ಇದ್ದವರು ಕ್ಯಾಲ್ಸಿಯಂ ಸಿಕ್ಕರೆ ಹೊಳೆಯುವ ಜಿಕ್ಯಾಂಪ್ ಪ್ರೋಟೀನನ್ನು ಕೋಶದೊಳಗೇ ತಯಾರಾಗುವಂತೆ ಮಾಡಿಕೊಳ್ಳಿ. ಅದಕ್ಕೂ ಜೀನ್ ತಿದ್ದಿ ಬರೆಸಬೇಕು. ಏಕೆಂದರೆ ಬಹುತೇಕ ಬೇರೆ ಜೀವಿಗಳು ಲ್ಯೂಸಿನ್ ಎಂಬ ಅಮೈನೋ ಆಮ್ಲವೆಂದು ಓದುವ ಸಿಟಿಜಿ ಎಂಬ ಜೀನಿನ ಮೂರಕ್ಷರವನ್ನು ಈ ಕ್ಯಾಂಡಿಡಾ ಸೆರಿನ್ ಎಂಬ ಇನ್ನೊಂದು ಅಮೈನೋ ಆಮ್ಲವೆಂದು ಓದುತ್ತದೆ. ನಮ್ಮ ಬಜೆಟ್ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಹಾಗಂತ ಇದನ್ನು ಪೂರ್ತಿ ಬಿಟ್ಟಿಲ್ಲ. ಲೋಡ್ ಮಾಡಿದ ಮೊದಲ ಕಾಲು ಗಂಟೆ, ಇನ್ನೂ ಯೀಸ್ಟ್ ರೂಪದಲ್ಲಿರುವಾಗ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಕೋಶಗಳು ಒಮ್ಮೆ ಮಿಂಚಿ ಆರುತ್ತವೆ. ಅದಕ್ಕೆಂದೇ ನಾಲ್ಕು ಟ್ಯೂಬ್ ಉಳಿಸಿಕೊಂಡಿದ್ದೇನೆ.

ಐದಕ್ಕೆ ಎರಡೂವರೆ ಸ್ಟಾರ್. ಆ ಅರ್ಧ, ಕತ್ತಲಲ್ಲಿ ಕೂತ ಅರ್ಧ ಗಂಟೆಗೆ.