ಮಿಲಾನಿನ ‘ಕೊನೆಯ ಭೋಜನ’ವೋ, ಮ್ಯಾಡ್ರಿಡ್ಡಿನ ‘ಗೆರ್ನಿಕಾ’ವೋ?

ಯುರೋಪ್ ಪ್ರವಾಸದಲ್ಲಿ ಒಂದೇ ಒಂದು ಚಿತ್ರಕ್ಕಾಗಿ ದಾರಿ ಬದಲಿಸುವುದಾದರೆ ಯಾವ ಊರಿಗೆ ಹೋಗಬೇಕು?

ಯೇಸು ಶಿಷ್ಯರೊಂದಿಗೆ ಉಂಡ ಕೊನೆಯ ಊಟವನ್ನು ತೋರಿಸುವ ಲಿಯೊನಾರ್ಡೊ ಡಾ ವಿಂಚಿಯ ‘ಕೊನೆಯ ಭೋಜನ’ ಇರುವುದು ಅವನು ಬರೆದ ಗೋಡೆಯ ಮೇಲೆಯೇ, ಮಿಲಾನಿನ ಹಳೆಯ ಮಠವೊಂದರ ಊಟದ ಮನೆಯಲ್ಲಿ. ಟಿಕೆಟ್ ಬಹಳ ಮುಂಚೆ ಕಾಯ್ದಿರಿಸಬೇಕು. ಒಳಗೆ ಸಿಗುವುದು 15 ನಿಮಿಷ. ಹಸಿ ಗಾರೆಯ ಬದಲು ಒಣಗೋಡೆಯ ಮೇಲೆ ಬರೆದದ್ದರಿಂದ ಬಣ್ಣ ಅವನ ಕಾಲಕ್ಕೇ ಉದುರತೊಡಗಿತ್ತು. ಮೇಜಿನ ಕೆಳಗೆ ಮರೆಯದೆ ನೋಡಿ: 1652ರಲ್ಲಿ ಬಾಗಿಲು ಕೊರೆದಾಗ ಯೇಸುವಿನ ಪಾದಗಳೇ ಹೋಗಿಬಿಟ್ಟವು. ನನಗಂತೂ ಹೊಟ್ಟೆ ಚುರ್ ಎನ್ನುತ್ತದೆ.

ಮ್ಯಾಡ್ರಿಡ್ಡಿನ ರೈನಾ ಸೋಫಿಯಾ ಕಲಾ ಸಂಗ್ರಹಾಲಯದಲ್ಲಿ ಅವಸರವಿಲ್ಲ. ಪಿಕಾಸೊ 1937ರಲ್ಲಿ ಬರೆದ ‘ಗೆರ್ನಿಕಾ’ ಸುಮಾರು 7.8 ಮೀಟರ್ ಅಗಲ. ಸ್ಪೇನಿನ ಬಾಸ್ಕ್ ಸೀಮೆಯ ಗೆರ್ನಿಕಾ ಎಂಬ ಊರಿನ ಮೇಲೆ ಬಿದ್ದ ಬಾಂಬುಗಳ ನೋವು ಬರೀ ಕಪ್ಪು, ಬಿಳಿ, ಬೂದು ಬಣ್ಣಗಳಲ್ಲಿದೆ. ಇಲ್ಲಿನ ನಿಜವಾದ ಸಂಪತ್ತು ಎಂದರೆ ಚಿತ್ರದ ಜೊತೆಗಿಟ್ಟಿರುವ ಕರಡುಗಳು, ಅದು ಬೆಳೆದ ಹಂತಗಳನ್ನು ಛಾಯಾಗ್ರಾಹಕಿ ಡೋರಾ ಮಾರ್ ಸೆರೆಹಿಡಿದ ಫೋಟೋಗಳು. ಮೊದಲ ಹಂತದಲ್ಲಿ ಬಿದ್ದ ಸೈನಿಕನ ಮುಷ್ಟಿ ಆಕಾಶಕ್ಕೆ ಎತ್ತಿದೆ. ಮುಗಿದ ಚಿತ್ರದಲ್ಲಿ ಅದಿಲ್ಲ. ಕುಸಿದಿದ್ದ ಕುದುರೆಯ ತಲೆ ಮೇಲೆದ್ದು ಚೀರುತ್ತಿದೆ. ಕಲಾವಿದ ಮನಸ್ಸು ಬದಲಿಸಿದ್ದನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಅಪರೂಪ.

ಮಕ್ಕಳಿದ್ದರೆ, ದಿನಾಂಕ ಗಟ್ಟಿಯಿಲ್ಲದಿದ್ದರೆ ಮ್ಯಾಡ್ರಿಡ್ಡೇ ಸರಿ. ಅಲ್ಲಿ ಮಂಗಳವಾರ ರಜೆ, ನೆನಪಿರಲಿ. ಮೌನವಾಗಿ ಒಂದು ಗೋಡೆಯ ಮುಂದೆ ನಿಲ್ಲಬೇಕೆಂದರೆ ಮಿಲಾನಿನ ಟಿಕೆಟ್ ಸಿಕ್ಕಮೇಲೆ ವಿಮಾನದ ಟಿಕೆಟ್ ತೆಗೆಸಿ.